ಇಂಡಸ್ಟ್ರಿಯಲ್ ಸಿಟಿ ಸ್ಕ್ಯಾನ್ ಕ್ಲೀನ್ ಮಾಡಲು ಯಾವ ದಾರಿ? ಫಿಲ್ಟರ್, ನ್ಯೂರಲ್ ನೆಟ್‌ವರ್ಕ್, ಇಲ್ಲಾ ಇನ್ನೊಂದು ಸ್ಕ್ಯಾನ್

ಆಸ್ಪತ್ರೆಯ ಸಿಟಿ ಸ್ಕ್ಯಾನ್‌ನಲ್ಲಿ ರೋಗಿ ಮಲಗಿರುತ್ತಾನೆ, ಯಂತ್ರ ಸುತ್ತುತ್ತದೆ. ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಎಕ್ಸ್‌ರೇ ಟ್ಯೂಬ್ ಮತ್ತು ಡಿಟೆಕ್ಟರ್ ಇದ್ದಲ್ಲೇ ಇರುತ್ತವೆ. ನಡುವಿನ ಮೇಜಿನ ಮೇಲೆ ಎರಕದ ಭಾಗವೋ 3ಡಿ ಪ್ರಿಂಟ್ ಮಾಡಿದ ನಾಝಲೋ ನಿಧಾನಕ್ಕೆ ತಿರುಗುತ್ತದೆ. ಒಂದು ಸುತ್ತಿಗೆ ಸಾವಿರ, ಎರಡು ಸಾವಿರ ಎಕ್ಸ್‌ರೇ ಚಿತ್ರ. ಅವನ್ನು ಲೆಕ್ಕ ಹಾಕಿ ಜೋಡಿಸಿದರೆ ಒಳಗಿನ ಬ್ಲೋಹೋಲ್ (ಲೋಹದೊಳಗೆ ಉಳಿದ ಗುಳ್ಳೆಯಂಥ ತೂತು), ಬಿರುಕು, ಗೋಡೆಯ ದಪ್ಪ ಎಲ್ಲವೂ ಭಾಗವನ್ನು ಕೊಯ್ಯದೆಯೇ ಕಾಣಬೇಕು.

ಕಾಣಬೇಕು, ನಿಜ. ಆದರೆ ಬಹಳ ಸಲ ತೆರೆಯ ಮೇಲೆ ಬರುವುದು ಕಾಳುಕಾಳಾದ ಬೂದು ಚಿತ್ರ. ಅದರ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆ, ನಡುವೆ ಉಂಗುರಗಳು. ಈಗ ಇದಕ್ಕೆ ಎಲ್ಲ ಕಡೆ ಸಿಗುವ ಸಲಹೆ ಒಂದೇ: ಎಐ ಹಾಕಿ, ಕ್ಲೀನ್ ಆಗುತ್ತದೆ. ಆಗುತ್ತದೆ ಕೂಡ. ಕೆಲವೊಮ್ಮೆ ಕಸದ ಜೊತೆಗೆ ನೀವು ಹುಡುಕುತ್ತಿದ್ದ ಬ್ಲೋಹೋಲೂ ಕ್ಲೀನ್ ಆಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ನೆಟ್‌ವರ್ಕ್, ಅಂದರೆ ಉದಾಹರಣೆ ನೋಡಿ ಕಲಿಯುವ ಯಾವ ಪ್ರೋಗ್ರಾಂ, ಅನ್ನುವುದು ಕೊನೆಗೆ ಕೇಳುವ ಪ್ರಶ್ನೆ. ಮೊದಲು ಎರಡು ಪ್ರಶ್ನೆಗೆ ಉತ್ತರ ಬೇಕು. ಕಸ ಎಲ್ಲಿಂದ ಬಂತು? ಆ ಕಸವಿಲ್ಲದ ಚಿತ್ರ, ಅಂದರೆ ಸರಿ ಉತ್ತರ, ನಿಮ್ಮ ಹತ್ತಿರ ಇದೆಯಾ? ಈ ಎರಡು ಗೊತ್ತಾದರೆ ಅರ್ಧಕ್ಕಿಂತ ಜಾಸ್ತಿ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಕಸದಲ್ಲೂ ಜಾತಿಗಳಿವೆ

ಮೊರದಲ್ಲಿ ಅಕ್ಕಿ ಕೇರುವವರಿಗೆ ಇದು ಗೊತ್ತು: ಹೊಟ್ಟು ಕೇರಿದರೆ ಹಾರುತ್ತದೆ, ಕಲ್ಲು ಹಾರುವುದಿಲ್ಲ, ಕೂತು ಆರಿಸಬೇಕು. ಸಿಟಿ ಡೇಟಾದಲ್ಲಿ ಹೊಟ್ಟು ಅಂದರೆ ನಾಯ್ಸ್. ಕಲ್ಲು ಅಂದರೆ ಆರ್ಟಿಫ್ಯಾಕ್ಟ್.

ನಾಯ್ಸ್ ಬರುವುದು ಎಕ್ಸ್‌ರೇ ಫೋಟಾನ್‌ಗಳ ಸಂಖ್ಯೆ ಕಡಿಮೆ ಆದಾಗ. ದಪ್ಪ ಉಕ್ಕಿನ ಹಿಂದೆ ಡಿಟೆಕ್ಟರ್‌ಗೆ ತಲುಪುವುದೇ ಕೆಲವು. ಆ ಕೆಲವು ಕೂಡ ಒಂದೊಂದು ಸಲ ಒಂದೊಂದು ಲೆಕ್ಕದಲ್ಲಿ ಬರುತ್ತವೆ. ಇದು ಯಾವ ಕಡೆಗೂ ವಾಲದ ಏರುಪೇರು. ಹತ್ತು ಸಲ ತೆಗೆದು ಸರಾಸರಿ ಮಾಡಿದರೆ ಕಡಿಮೆಯಾಗುತ್ತದೆ.

ಆರ್ಟಿಫ್ಯಾಕ್ಟ್ ಹಾಗಲ್ಲ. ನೂರು ಸಲ ಸ್ಕ್ಯಾನ್ ಮಾಡಿದರೂ ಅದೇ ಜಾಗದಲ್ಲಿ ಅದೇ ರೂಪದಲ್ಲಿ ಬರುತ್ತದೆ. ಅದರಲ್ಲಿ ದೊಡ್ಡಣ್ಣ ಬೀಮ್ ಹಾರ್ಡನಿಂಗ್. ಟ್ಯೂಬಿನಿಂದ ಹೊರಡುವ ಕಿರಣದಲ್ಲಿ ಕಡಿಮೆ ಶಕ್ತಿಯದೂ ಇದೆ, ಜಾಸ್ತಿ ಶಕ್ತಿಯದೂ ಇದೆ. ಲೋಹದೊಳಗೆ ಹೋಗುತ್ತಾ ಹೋಗುತ್ತಾ ಕಡಿಮೆ ಶಕ್ತಿಯದು ಮೊದಲು ಸಾಯುತ್ತದೆ. ಉಳಿದದ್ದು ಸಲೀಸಾಗಿ ನುಗ್ಗುತ್ತದೆ. ಚಿತ್ರ ಜೋಡಿಸುವ ಲೆಕ್ಕಕ್ಕೆ ಇದು ಗೊತ್ತಿಲ್ಲ, ಎಲ್ಲ ಕಿರಣವೂ ಒಂದೇ ಅಂದುಕೊಳ್ಳುತ್ತದೆ. ಹಾಗಾಗಿ ಏಕಪ್ರಕಾರದ ಲೋಹದ ನಡುಭಾಗ ಸುಳ್ಳೇ ಕಪ್ಪಾಗಿ, ಅಂಚು ಬೆಳ್ಳಗಾಗಿ ಕಾಣುತ್ತದೆ. ಎರಡು ದಪ್ಪ ಭಾಗಗಳ ನಡುವೆ ಕಪ್ಪು ಪಟ್ಟೆ ಬೀಳುತ್ತದೆ. ಆ ಪಟ್ಟೆಯೊಳಗೆ ನಿಜವಾದ ಬಿರುಕು ಇದ್ದರೆ ಕಂಡುಹಿಡಿಯುವುದು ಕಷ್ಟ, ಇಲ್ಲದಿದ್ದರೂ ಇದೆ ಅನ್ನಿಸುತ್ತದೆ.

ಉಳಿದವು ಬೇಗ ಹೇಳುತ್ತೇನೆ. ಭಾಗದೊಳಗೆ ಚದುರಿದ ಕಿರಣ ಅಂದರೆ ಸ್ಕ್ಯಾಟರ್, ಅದರಿಂದ ಕಾಂಟ್ರಾಸ್ಟ್ ಸಾಯುತ್ತದೆ. ಡಿಟೆಕ್ಟರಿನ ಕೆಟ್ಟ ಪಿಕ್ಸೆಲ್‌ನಿಂದ ಉಂಗುರ ಬರುತ್ತದೆ. ಪ್ರೊಜೆಕ್ಷನ್, ಅಂದರೆ ಸುತ್ತುವಾಗ ತೆಗೆದ ಎಕ್ಸ್‌ರೇ ಚಿತ್ರಗಳು, ಕಡಿಮೆಯಾದರೆ ಗೀರು ಬರುತ್ತದೆ. ಭಾಗ ಅಲುಗಾಡಿದರೆ ಅಂಚು ಎರಡೆರಡಾಗುತ್ತದೆ. ಕಿರಣ ಶಂಕುವಿನಂತೆ ಹರಡುವ ಕೋನ್ ಬೀಮ್ ಯಂತ್ರದಲ್ಲಿ ಮೇಲಿನ ಮತ್ತು ಕೆಳಗಿನ ಸಮತಟ್ಟಾದ ಮುಖಗಳು ಮಸುಕಾಗುತ್ತವೆ. ಈ ಕೊನೆಯದಕ್ಕೆ ಕಾರಣ, ಒಂದೇ ವೃತ್ತದಲ್ಲಿ ಸುತ್ತಿದಾಗ ಆ ಮುಖಗಳ ಪೂರ್ತಿ ಮಾಹಿತಿ ಸಿಗದಿರುವುದು. ಚಿತ್ರ ಜೋಡಿಸಲು ಇಂದಿಗೂ ಹೆಚ್ಚಿನ ಯಂತ್ರಗಳಲ್ಲಿ ಓಡುವುದು ಎಫ್‌ಡಿಕೆ ವಿಧಾನ. ಫೋರ್ಡ್ ಮೋಟಾರ್ ಕಂಪನಿಯಲ್ಲಿದ್ದ ಫೆಲ್ಡ್‌ಕ್ಯಾಂಪ್, ಡೇವಿಸ್ ಮತ್ತು ಕ್ರೆಸ್ 1984ರಲ್ಲಿ ಕೊಟ್ಟದ್ದು. ಅದು ನಡುವಿನ ಒಂದು ಸಮತಲದಲ್ಲಿ ಮಾತ್ರ ಪೂರ್ತಿ ಸರಿ, ಮೇಲೆ ಕೆಳಗೆ ಹೋದಂತೆ ಅಂದಾಜು.

ಮೊದಲ ಆಯ್ಕೆ: ಸ್ಕ್ಯಾನನ್ನೇ ಸರಿ ಮಾಡುವುದು

ಇದನ್ನು ಬಿಟ್ಟು ನೇರವಾಗಿ ಮೆಷಿನ್ ಲರ್ನಿಂಗ್‌ಗೆ ಹಾರುವವರೇ ಜಾಸ್ತಿ. ಯಾಕೋ ಗೊತ್ತಿಲ್ಲ, ಬಹುಶಃ ಇದರಲ್ಲಿ ಗಮ್ಮತ್ತಿಲ್ಲ.

ಟ್ಯೂಬಿನ ಮುಂದೆ ತಾಮ್ರದ ಅಥವಾ ತವರದ ತೆಳು ತಗಡು ಇಟ್ಟರೆ ಕಡಿಮೆ ಶಕ್ತಿಯ ಕಿರಣ ಮೊದಲೇ ಸೋಸಿಹೋಗುತ್ತದೆ. ಬೀಮ್ ಹಾರ್ಡನಿಂಗ್ ಅರ್ಧ ತಣ್ಣಗಾಗುತ್ತದೆ. ಖರ್ಚು ಹೆಚ್ಚೇನಿಲ್ಲ, ಬೆಳಕು ಕಡಿಮೆಯಾಗುವುದರಿಂದ ಎಕ್ಸ್‌ಪೋಶರ್ ಹೆಚ್ಚಿಸಬೇಕು ಅಷ್ಟೇ. ಭಾಗವನ್ನು ನೆಟ್ಟಗೆ ನಿಲ್ಲಿಸುವ ಬದಲು ಓರೆಯಾಗಿ ಇಟ್ಟರೆ ಎರಡು ಲಾಭ: ಕಿರಣ ದಾಟಬೇಕಾದ ಅತಿ ಉದ್ದದ ದಾರಿ ಚಿಕ್ಕದಾಗುತ್ತದೆ, ಸಮತಟ್ಟಾದ ಮುಖ ಕಿರಣಕ್ಕೆ ಸಮಾನಾಂತರವಾಗಿ ಬಂದು ಮಸುಕಾಗುವುದೂ ತಪ್ಪುತ್ತದೆ. ಹಿಡಿದಿಡಲು ಥರ್ಮಾಕೋಲ್ ಸಾಕು, ಎಕ್ಸ್‌ರೇಗೆ ಅದು ಇಲ್ಲದ ಹಾಗೆಯೇ. ಉಂಗುರಕ್ಕೆ ಹೊಸದಾಗಿ ಫ್ಲ್ಯಾಟ್ ಫೀಲ್ಡ್ ಕ್ಯಾಲಿಬ್ರೇಶನ್ (ಭಾಗ ಇಡದೆ ತೆಗೆದ ಖಾಲಿ ಚಿತ್ರದಿಂದ ಡಿಟೆಕ್ಟರನ್ನು ಸರಿದೂಗಿಸುವುದು) ತೆಗೆಯಿರಿ. ಯಂತ್ರದಲ್ಲಿ ಸ್ಕ್ಯಾನ್ ನಡುವೆ ಡಿಟೆಕ್ಟರನ್ನು ಸ್ವಲ್ಪ ಸ್ವಲ್ಪ ಜರುಗಿಸುವ ಸೌಲಭ್ಯ ಇದ್ದರೆ ಆನ್ ಮಾಡಿ.

ಇದರ ಮಿತಿ ಬರುವುದು ಸಮಯದಲ್ಲಿ. ನಾಯ್ಸ್ ಅರ್ಧ ಮಾಡಬೇಕಾದರೆ ಸ್ಕ್ಯಾನ್ ಸಮಯ ನಾಲ್ಕು ಪಟ್ಟಾಗಬೇಕು. ಕಾಲುಭಾಗ ಬೇಕಾದರೆ ಹದಿನಾರು ಪಟ್ಟು. ಒಂದೇ ಭಾಗವನ್ನು ಪರೀಕ್ಷಿಸುವವರು ರಾತ್ರಿಯಿಡೀ ಬಿಟ್ಟು ಮನೆಗೆ ಹೋಗಬಹುದು. ದಿನಕ್ಕೆ ನೂರಾರು ಭಾಗ ನೋಡಬೇಕಾದವರಿಗೆ ಅದು ಆಗುವುದಿಲ್ಲ. ಮೆಷಿನ್ ಲರ್ನಿಂಗ್‌ಗೆ ನಿಜವಾದ ಬೇಡಿಕೆ ಇರುವುದು ಇಲ್ಲಿ. ಚಿತ್ರ ಚೆಂದ ಮಾಡುವುದಕ್ಕಿಂತ ಸ್ಕ್ಯಾನ್ ಸಮಯ ಉಳಿಸುವುದಕ್ಕೆ.

ಎರಡನೆಯದು: ಹಳೆಯ ಫಿಲ್ಟರ್‌ಗಳು

ಮೀಡಿಯನ್, ಟೋಟಲ್ ವೇರಿಯೇಶನ್ (1992), ನಾನ್ ಲೋಕಲ್ ಮೀನ್ಸ್ (2005), ಬಿಎಂ3ಡಿ (2007). ಇವು ನಾಯ್ಸ್ ತಗ್ಗಿಸುವ ಲೆಕ್ಕದ ಸೂತ್ರಗಳು, ಏನನ್ನೂ ಕಲಿಯುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಫಿಜಿ, ಸೈಕಿಟ್ ಇಮೇಜ್ ಎಂಬ ಸಾಫ್ಟ್‌ವೇರ್‌ಗಳಲ್ಲಿ ಪುಕ್ಕಟೆ ಸಿಗುತ್ತವೆ. ಒಂದೇ ಲೋಹ, ಸಾಧಾರಣ ನಾಯ್ಸ್, ದೊಡ್ಡ ಬ್ಲೋಹೋಲ್ ಹುಡುಕುವ ಕೆಲಸವಾದರೆ ನಾನ್ ಲೋಕಲ್ ಮೀನ್ಸ್‌ನಲ್ಲೇ ಕೆಲಸ ಮುಗಿಯುತ್ತದೆ. ಇದನ್ನು ಹೇಳಿದರೆ ಕೆಲವರಿಗೆ ನಿರಾಸೆ.

ಇವುಗಳ ತಪ್ಪು ಯಾವ ರೀತಿಯದು ಅನ್ನುವುದು ಮೊದಲೇ ಗೊತ್ತಿರುತ್ತದೆ. ಅದು ದೊಡ್ಡ ಅನುಕೂಲ. ಮೀಡಿಯನ್ ಸಣ್ಣ ಚುಕ್ಕೆ ನುಂಗುತ್ತದೆ, ಟೋಟಲ್ ವೇರಿಯೇಶನ್ ಮೆಟ್ಟಿಲು ಮೆಟ್ಟಿಲು ಮಾಡುತ್ತದೆ. ಇಲ್ಲದ ಬ್ಲೋಹೋಲನ್ನು ಇವು ಸಾಮಾನ್ಯವಾಗಿ ಹುಟ್ಟಿಸುವುದಿಲ್ಲ. ಉಂಗುರಗಳಿಗೂ ಇದೇ ಮಾತು. ಸೈನೋಗ್ರಾಮ್‌ನಲ್ಲಿ (ಡಿಟೆಕ್ಟರಿನ ಒಂದು ಸಾಲು ಎಲ್ಲ ಕೋನಗಳಲ್ಲಿ ಕಂಡದ್ದನ್ನು ಒಂದರ ಕೆಳಗೊಂದು ಇಟ್ಟ ಚಿತ್ರ) ಉಂಗುರ ಒಂದು ನೇರ ಗೆರೆಯಾಗಿ ಕಾಣುತ್ತದೆ. ಅಲ್ಲಿಯೇ ತೆಗೆಯುವ ವಿಧಾನಗಳು ಟೊಮೊಪೈಯಂತಹ ಉಚಿತ ಪ್ಯಾಕೇಜುಗಳಲ್ಲಿವೆ. ಉಂಗುರ ತೆಗೆಯಲು ನೆಟ್‌ವರ್ಕ್ ಬೆಳೆಸುವುದು ಹೆಚ್ಚಿನವರಿಗೆ ಸುಮ್ನೆ ದಂಡ.

ಇಟರೇಟಿವ್ ರೀಕನ್‌ಸ್ಟ್ರಕ್ಷನ್, ಅಂದರೆ ಊಹಿಸಿ, ತಾಳೆ ನೋಡಿ, ಮತ್ತೆ ಮತ್ತೆ ತಿದ್ದುತ್ತಾ ಚಿತ್ರ ಜೋಡಿಸುವುದು ಕೂಡ ಇದೇ ಮನೆಯದು. ಪ್ರೊಜೆಕ್ಷನ್‌ಗಳು ತೀರಾ ಕಡಿಮೆ ಇದ್ದಾಗ ಎಫ್‌ಡಿಕೆಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಲೆಕ್ಕದ ಪ್ರಕಾರ ಭಾಗದ ಅಗಲ ಡಿಟೆಕ್ಟರಿನಲ್ಲಿ 2048 ಪಿಕ್ಸೆಲ್ ತುಂಬಿದರೆ ಸುಮಾರು 3200 ಪ್ರೊಜೆಕ್ಷನ್ ಬೇಕು. ಅಷ್ಟು ತೆಗೆಯುವವರು ಕಡಿಮೆ. ಆಂಟ್‌ವರ್ಪ್ ಮತ್ತು ಆಮ್‌ಸ್ಟರ್‌ಡ್ಯಾಮ್ ಕಡೆಯವರ ಆಸ್ಟ್ರಾ ಟೂಲ್‌ಬಾಕ್ಸ್, ಬಾತ್ ವಿಶ್ವವಿದ್ಯಾಲಯ ಮತ್ತು ಸರ್ನ್‌ನಿಂದ ಬಂದ ಟೈಗ್ರೆ, ಎರಡೂ ಉಚಿತ, ಎರಡೂ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಓಡುತ್ತವೆ. ತೊಂದರೆ ಏನೆಂದರೆ ಗುಂಡಿ ತಿರುಗಿಸುತ್ತಾ ಕೂರಬೇಕು. ಪ್ರತಿ ಹೊಸ ಭಾಗಕ್ಕೆ ಹೊಸ ಸೆಟ್ಟಿಂಗ್.

ಮೂರನೆಯದು: ಜೋಡಿ ತೋರಿಸಿ ಕಲಿಸುವುದು

ಈಗ ಮೆಷಿನ್ ಲರ್ನಿಂಗ್. ಇದರಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ದಾರಿ ಇದೇ. ಒಂದು ಭಾಗವನ್ನು ನಿಧಾನವಾಗಿ, ಚೆನ್ನಾಗಿ ಸ್ಕ್ಯಾನ್ ಮಾಡಿ. ಅಲುಗಿಸದೆ ಮತ್ತೆ ಬೇಗ ಬೇಗ ಸ್ಕ್ಯಾನ್ ಮಾಡಿ. ಇಲ್ಲವೇ ಚೆನ್ನಾಗಿರುವ ಸ್ಕ್ಯಾನ್‌ನಲ್ಲಿ ಪ್ರತಿ ಎಂಟನೆಯ ಪ್ರೊಜೆಕ್ಷನ್ ಮಾತ್ರ ಉಳಿಸಿಕೊಂಡು ಜೋಡಿಸಿ. ಈಗ ಒಂದು ಕೆಟ್ಟದ್ದು, ಒಂದು ಒಳ್ಳೆಯದು. ಕೆಟ್ಟದ್ದನ್ನು ಕೊಟ್ಟರೆ ಒಳ್ಳೆಯದು ಬರುವ ಹಾಗೆ ನೆಟ್‌ವರ್ಕನ್ನು ಪಳಗಿಸುವುದು. 2015ರಲ್ಲಿ ಜರ್ಮನಿಯ ಫ್ರೈಬರ್ಗ್‌ನಿಂದ ಬಂದ ಯು-ನೆಟ್ ಈಗಲೂ ಇದಕ್ಕೆ ಒಳ್ಳೆಯ ಶುರು. ಡೇಟಾ ಕಡಿಮೆ ಇದ್ದರೆ 2018ರ ಮಿಕ್ಸ್ಡ್ ಸ್ಕೇಲ್ ಡೆನ್ಸ್ ನೆಟ್‌ವರ್ಕ್ ನೋಡಿ, ಅದರಲ್ಲಿ ಕಲಿಯಬೇಕಾದ ಸಂಖ್ಯೆಗಳು ಬಹಳ ಕಡಿಮೆ.

ಒಂದೇ ಬಗೆಯ ಭಾಗ, ಒಂದೇ ಯಂತ್ರ, ವರ್ಷವಿಡೀ ಅದೇ ಕೆಲಸ. ಅಂಥ ಕಡೆ ಇದು ಚಿನ್ನ. ಒಂದಷ್ಟು ಭಾಗಗಳಿಗೆ ಉದ್ದದ ಸ್ಕ್ಯಾನ್ ತೆಗೆದರೆ ಸಾಕು, ಆಮೇಲೆ ಬರುವ ಸಾವಿರಾರು ಭಾಗಗಳಿಗೆ ಸಮಯ ಉಳಿಯುತ್ತದೆ.

ಆದರೆ ಇಲ್ಲೊಂದು ಗುಂಡಿ ಇದೆ. ನಿಮ್ಮ 'ಒಳ್ಳೆಯ' ಸ್ಕ್ಯಾನ್ ನಾಯ್ಸ್ ಮಟ್ಟಿಗೆ ಮಾತ್ರ ಒಳ್ಳೆಯದು. ಅದರಲ್ಲೂ ಬೀಮ್ ಹಾರ್ಡನಿಂಗ್ ಇದೆ, ಸ್ಕ್ಯಾಟರ್ ಇದೆ. ಎರಡೂ ಚಿತ್ರದಲ್ಲಿ ಇರುವ ಕಸವನ್ನು ನೆಟ್‌ವರ್ಕ್ ಕಸ ಅಂದುಕೊಳ್ಳುವುದಿಲ್ಲ, ಭಾಗದ ಒಂದು ಅಂಗ ಅಂದುಕೊಂಡು ಜೋಪಾನವಾಗಿ ಉಳಿಸುತ್ತದೆ. ಹೊಟ್ಟು ಹಾರಿತು, ಕಲ್ಲು ಉಳಿಯಿತು. ಕಪ್ಪು ಪಟ್ಟೆ ಹೋಗಲಿ ಎಂದು ಉದ್ದ-ಗಿಡ್ಡ ಸ್ಕ್ಯಾನ್ ಜೋಡಿ ಕೊಟ್ಟು ಯು-ನೆಟ್ ಕಲಿಸಿದರೆ ಅದು ಎಷ್ಟು ದಿನ ಓಡಿದರೂ ಆಗದು.

ಇನ್ನೊಂದು ಎಚ್ಚರಿಕೆ. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ರೆಡಿ ಮಾಡೆಲ್‌ಗಳು ಬಹುಪಾಲು ಆಸ್ಪತ್ರೆಯ ಡೇಟಾದಿಂದ ಕಲಿತವು. ಮೇಯೋ ಕ್ಲಿನಿಕ್ 2016ರ ಲೋ ಡೋಸ್ ಸಿಟಿ ಸ್ಪರ್ಧೆಗೆ ಕೊಟ್ಟ ಸ್ಕ್ಯಾನ್‌ಗಳು ಈ ಕ್ಷೇತ್ರದ ಎಷ್ಟೋ ಪ್ರಬಂಧಗಳಿಗೆ ಆಧಾರ. ಅವು ಮನುಷ್ಯರ ಹೊಟ್ಟೆಯ ಚಿತ್ರಗಳು. ಅದನ್ನು ನೋಡಿ ಕಲಿತ ಮಾಡೆಲ್‌ಗೆ ಟರ್ಬೈನ್ ಬ್ಲೇಡ್ ಕೊಟ್ಟು ನಂಬಬೇಡಿ.

ನಾಲ್ಕನೆಯದು: ಸಿಮ್ಯುಲೇಶನ್‌ನಿಂದ ಕಲಿಸುವುದು

ಕಲ್ಲು ಆರಿಸಬೇಕಾದವರಿಗೆ ಇದೇ ದಾರಿ. ಬೀಮ್ ಹಾರ್ಡನಿಂಗ್ ಇಲ್ಲದ ನಿಜವಾದ ಸ್ಕ್ಯಾನ್ ಯಾವ ಸಾಧಾರಣ ಯಂತ್ರದಿಂದಲೂ ಬರುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಸೃಷ್ಟಿಸಬಹುದು. ಭಾಗದ ಕ್ಯಾಡ್ ಮಾಡೆಲ್ (ಕಂಪ್ಯೂಟರಿನಲ್ಲಿ ಬರೆದ ವಿನ್ಯಾಸ) ತೆಗೆದುಕೊಳ್ಳಿ. ಅದರೊಳಗೆ ಬೇಕಾದ ಕಡೆ ಬ್ಲೋಹೋಲ್, ಬಿರುಕು ಸೇರಿಸಿ. ಟ್ಯೂಬಿನ ಸ್ಪೆಕ್ಟ್ರಮ್ (ಯಾವ ಶಕ್ತಿಯ ಕಿರಣ ಎಷ್ಟು), ಲೋಹದ ಗುಣ ಕೊಟ್ಟು ನಕಲಿ ಎಕ್ಸ್‌ರೇ ತೆಗೆಯಿರಿ. ಈಗ ಕೆಟ್ಟ ಚಿತ್ರವೂ ನಿಮ್ಮ ಹತ್ತಿರ ಇದೆ, ಸರಿ ಉತ್ತರವೂ ಇದೆ. ಯಾಕೆಂದರೆ ಆ ಬ್ಲೋಹೋಲ್ ಇಟ್ಟವರು ನೀವೇ.

ಅಮೆರಿಕದ ಟೆನ್ನೆಸಿಯಲ್ಲಿರುವ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು ಝೈಸ್ ಕಂಪನಿ ಜೊತೆ ಸೇರಿ ಲೋಹದ 3ಡಿ ಪ್ರಿಂಟ್ ಭಾಗಗಳಿಗಾಗಿ ಬೆಳೆಸಿದ ಸಿಮುರ್ಗ್ ಎಂಬ ವಿಧಾನ ಈ ದಾರಿಯದು. 3ಡಿ ಪ್ರಿಂಟಿಂಗ್‌ನಲ್ಲಿ ಇದು ಒಗ್ಗುವುದಕ್ಕೆ ಕಾರಣವಿದೆ. ಪ್ರಿಂಟ್ ಮಾಡಿದ್ದೇ ಕ್ಯಾಡ್‌ನಿಂದ, ಹಾಗಾಗಿ ಕ್ಯಾಡ್ ಇದ್ದೇ ಇರುತ್ತದೆ. ಇಂಥ ಭಾಗಗಳ ಒಳಗಿನ ಕಾಲುವೆಗಳನ್ನು ಬೇರೆ ರೀತಿ ನೋಡಲೂ ಆಗದು. ಇಸ್ರೋ 2024ರ ಮೇಯಲ್ಲಿ ಪರೀಕ್ಷಿಸಿದ, ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಪಿಎಸ್4 ಎಂಜಿನ್ ನೆನಪಿಸಿಕೊಳ್ಳಿ. ಬೆಂಗಳೂರಿನ ವಿಪ್ರೋ 3ಡಿ ಪ್ರಿಂಟ್ ಮಾಡಿಕೊಟ್ಟದ್ದು. 14 ಬಿಡಿಭಾಗಗಳು ಸೇರಿ ಒಂದೇ ತುಂಡಾದವು, 19 ವೆಲ್ಡ್ ಜೋಡಣೆ ಬೇಡವಾಯಿತು. ಮೊದಲಾದರೆ ಬಿಡಿಭಾಗಗಳನ್ನು ಒಂದೊಂದಾಗಿ ನೋಡಿ ಆಮೇಲೆ ವೆಲ್ಡ್ ಮಾಡಬಹುದಿತ್ತು. ಒಂದೇ ತುಂಡಾದ ಮೇಲೆ ಒಳಗಿನದನ್ನು ನೋಡಬೇಕಾದರೆ ಹೊರಗಿನಿಂದಲೇ ನೋಡಬೇಕು.

ಇಲ್ಲಿನ ಅಪಾಯ ಎರಡು. ಮೊದಲನೆಯದು, ಸಿಮ್ಯುಲೇಶನ್ ನಿಮ್ಮ ಯಂತ್ರದ ಹಾಗಿಲ್ಲದಿದ್ದರೆ ನೆಟ್‌ವರ್ಕ್ ಕಲಿತದ್ದು ಬೇರೆ ಯಾವುದೋ ಯಂತ್ರದ ಕಸ. ಬೀಮ್ ಹಾರ್ಡನಿಂಗ್ ಚೆನ್ನಾಗಿ ಅನುಕರಿಸಿ, ಸ್ಕ್ಯಾಟರ್ ಬಿಟ್ಟುಬಿಡುವುದು ಸಾಮಾನ್ಯ ತಪ್ಪು. ಸ್ಕ್ಯಾಟರ್ ಲೆಕ್ಕ ಹಾಕಲು ಬಹಳ ಹೊತ್ತು ಹಿಡಿಯುತ್ತದೆ, ಅದಕ್ಕೇ ಬಿಡುತ್ತಾರೆ. ಜರ್ಮನಿಯ ಬಿಎಎಂ ಸಂಸ್ಥೆಯ ಆರ್ಟಿಸ್ಟ್, ಮುಕ್ತವಾಗಿ ಸಿಗುವ ಜಿವರ್ಚುಯಲ್‌ಎಕ್ಸ್‌ರೇ ಇಂಥ ಕೆಲಸಕ್ಕೆ ಬಳಕೆಯಲ್ಲಿರುವ ಸಾಧನಗಳು.

ಎರಡನೆಯ ಅಪಾಯ ನನಗೆ ಜಾಸ್ತಿ ಭಯ ಹುಟ್ಟಿಸುವಂಥದ್ದು. ನೀವು ಸಿಮ್ಯುಲೇಶನ್‌ನಲ್ಲಿ ಗುಂಡಗಿನ ಬ್ಲೋಹೋಲ್ ಮಾತ್ರ ಇಟ್ಟಿದ್ದೀರಿ ಅನ್ನೋಣ. ಪ್ರಿಂಟ್ ಮಾಡಿದ ಭಾಗದಲ್ಲಿ ಪುಡಿ ಸರಿಯಾಗಿ ಕರಗದೆ ಉಂಟಾಗುವ ಖಾಲಿ ಜಾಗ ಗುಂಡಗಿರುವುದಿಲ್ಲ. ಚಪ್ಪಟೆ, ಅಂಕುಡೊಂಕು. ನೆಟ್‌ವರ್ಕ್ ಅಂಥದ್ದನ್ನು ಯಾವತ್ತೂ ನೋಡಿಲ್ಲ. ಗೀರು ಅಂದುಕೊಂಡು ಅಳಿಸಬಹುದು. ಲೋಹ ದಣಿದು ಬಿರಿಯುವುದು ಶುರುವಾಗುವುದು ಇಂಥ ಚೂಪು ಮೂಲೆಯಿಂದಲೇ. ಹಾಗಾಗಿ ಈ ದಾರಿ ಹಿಡಿದರೆ ನಿಮ್ಮ ಲೋಹದಲ್ಲಿ ಯಾವ ಯಾವ ಆಕಾರದ ದೋಷ ಬರುತ್ತದೆ ಅನ್ನುವುದನ್ನು ಮೊದಲು ಮೈಕ್ರೋಸ್ಕೋಪಿನಲ್ಲಿ ನೋಡಿದವರ ಹತ್ತಿರ ಕೇಳಿ. ಪೈಥಾನ್ ಬರೆಯುವವರು ಮಾತ್ರ ಕೂತು ಮಾಡುವ ಕೆಲಸ ಇದಲ್ಲ.

ಐದನೆಯದು: ಸರಿ ಉತ್ತರ ಇಲ್ಲದೆಯೇ ಕಲಿಯುವುದು

ಕೇಳಿದರೆ ಮೋಸ ಅನ್ನಿಸುತ್ತದೆ, ಆದರೆ ಮೋಸವಲ್ಲ. 2018ರಲ್ಲಿ ನಾಯ್ಸ್2ನಾಯ್ಸ್ ಅನ್ನುವ ಕೆಲಸ ತೋರಿಸಿದ್ದು ಇದು: ಒಂದೇ ದೃಶ್ಯದ ಎರಡು ನಾಯ್ಸ್ ತುಂಬಿದ ಚಿತ್ರಗಳಿದ್ದು, ಒಂದರ ನಾಯ್ಸ್‌ಗೂ ಇನ್ನೊಂದರದಕ್ಕೂ ಸಂಬಂಧ ಇಲ್ಲದಿದ್ದರೆ, ಒಂದರಿಂದ ಇನ್ನೊಂದನ್ನು ಊಹಿಸಲು ಕಲಿಸಿದರೆ ಸಾಕು. ನೆಟ್‌ವರ್ಕ್ ನಾಯ್ಸನ್ನು ಊಹಿಸಲಾರದು, ಊಹಿಸಬಲ್ಲದ್ದು ದೃಶ್ಯವನ್ನು ಮಾತ್ರ. ಹಾಗಾಗಿ ದೃಶ್ಯ ಉಳಿಯುತ್ತದೆ.

ಸಿಟಿಗೆ ಇದನ್ನು ಹದವಾಗಿ ಹೊಂದಿಸಿದವರು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆಯವರು. 2020ರ ನಾಯ್ಸ್2ಇನ್ವರ್ಸ್. ಒಂದೇ ಸ್ಕ್ಯಾನಿನ ಪ್ರೊಜೆಕ್ಷನ್‌ಗಳನ್ನು ಸಮ-ಬೆಸ ಎಂದು ಎರಡು ಪಾಲು ಮಾಡಿ. ಒಂದೊಂದು ಪಾಲಿನಿಂದ ಒಂದೊಂದು ಚಿತ್ರ ಜೋಡಿಸಿ. ಒಂದನ್ನು ಕೊಟ್ಟು ಇನ್ನೊಂದನ್ನು ಕೇಳಿ. ಮುಗಿಯಿತು. ಎರಡನೆಯ ಸ್ಕ್ಯಾನ್ ಬೇಡ, ಕ್ಯಾಡ್ ಬೇಡ. ಮುಂದೆಂದೂ ಬಾರದ ಒಂದೇ ಒಂದು ಭಾಗಕ್ಕೂ ಆಗುತ್ತದೆ. ನೆಟ್‌ವರ್ಕ್ ಕಲಿಯುವುದು ಆ ಭಾಗದಿಂದಲೇ, ಬೇರೆ ಯಾವುದೋ ಭಾಗದ ನೆನಪು ಅದರಲ್ಲಿ ಇರುವುದಿಲ್ಲ. ನನ್ನ ಮಟ್ಟಿಗೆ ನಾಯ್ಸ್ ಸಮಸ್ಯೆಗೆ ಮೊದಲು ಪ್ರಯತ್ನಿಸಬೇಕಾದ ಮೆಷಿನ್ ಲರ್ನಿಂಗ್ ದಾರಿ ಇದೇ.

ಜೋಡಿಸಿಯಾದ ಚಿತ್ರದ ಮೇಲೆ 2019ರ ನಾಯ್ಸ್2ವಾಯ್ಡ್ ಓಡಿಸಿದರೂ ಇದೇ ಫಲ ಬರುವುದಿಲ್ಲವಾ? ಬರುವುದಿಲ್ಲ. ಅದು ಪಕ್ಕಪಕ್ಕದ ಪಿಕ್ಸೆಲ್‌ಗಳ ನಾಯ್ಸ್ ಒಂದಕ್ಕೊಂದು ಸಂಬಂಧವಿಲ್ಲದ್ದು ಅಂದುಕೊಳ್ಳುತ್ತದೆ. ಸಿಟಿ ಚಿತ್ರ ಜೋಡಿಸುವಾಗ ಒಂದೊಂದು ಕಿರಣದ ನಾಯ್ಸ್ ಇಡೀ ಗೆರೆಗೆ ಹರಡಿಬಿಡುತ್ತದೆ. ಅಕ್ಕಪಕ್ಕದವು ನೆಂಟರಾಗಿಬಿಟ್ಟಿರುತ್ತವೆ. ನಾಯ್ಸ್2ಇನ್ವರ್ಸ್ ಪಾಲು ಮಾಡುವುದು ಜೋಡಿಸುವ ಮೊದಲು. ಗುಟ್ಟು ಅಲ್ಲಿರುವುದು.

ಇದರ ಮಿತಿಯೂ ಅದೇ ಗುಟ್ಟಿನಲ್ಲಿದೆ. ಎರಡೂ ಪಾಲಿನಲ್ಲಿ ಒಂದೇ ರೀತಿ ಬರುವ ಯಾವುದನ್ನೂ ಇದು ತೆಗೆಯದು. ಉಂಗುರ ಉಳಿಯುತ್ತದೆ, ಬೀಮ್ ಹಾರ್ಡನಿಂಗ್ ಉಳಿಯುತ್ತದೆ. ಡಿಟೆಕ್ಟರಿನಲ್ಲಿ ಹಿಂದಿನ ಚಿತ್ರದ ನೆರಳು ಮುಂದಿನದರಲ್ಲಿ ಉಳಿಯುವ ಚಾಳಿ ಇದ್ದರೆ ಸಮ-ಬೆಸ ಪಾಲುಗಳೂ ಪೂರ್ತಿ ಬೇರೆಯಲ್ಲ. ಮೊದಲೇ ಪ್ರೊಜೆಕ್ಷನ್‌ಗಳು ಕಡಿಮೆ ಇದ್ದರೆ ಅರ್ಧ ಮಾಡಿದಾಗ ಗೀರು ಜಾಸ್ತಿಯಾಗುತ್ತದೆ. ಇನ್ನು ಪ್ರತಿ ಭಾಗಕ್ಕೂ ಹೊಸದಾಗಿ ಕಲಿಸಬೇಕೆಂದರೆ ಗಂಟೆಗಟ್ಟಲೆ ಜಿಪಿಯು ಬೇಕು. ಒಂದೇ ಬಗೆಯ ಭಾಗಗಳಾದರೆ ಒಮ್ಮೆ ಕಲಿಸಿದ್ದನ್ನೇ ಮುಂದಿನವಕ್ಕೂ ಬಳಸುವುದುಂಟು. ಆಗ ಮಾತ್ರ ಮೂರನೆಯ ದಾರಿಯ ಅಪಾಯಗಳೆಲ್ಲ ಇದಕ್ಕೂ ಬರುತ್ತವೆ.

ಪ್ಯಾಕೇಜ್ ಕೊಳ್ಳುವುದಾ?

ಯಂತ್ರ ಮಾರುವವರೇ ಈಗ ಇಂಥ ಸಾಫ್ಟ್‌ವೇರ್ ಕೊಡುತ್ತಾರೆ. ಝೈಸ್‌ನ ಡೀಪ್‌ರೆಕಾನ್ ಒಂದು ಉದಾಹರಣೆ. ಒಳ್ಳೆಯ ಎಂಜಿನಿಯರ್ ತಂಡ ಇಲ್ಲದ ಕಡೆ ಇದೇ ವಾಸಿ. ಕೊಳ್ಳುವಾಗ ಎರಡು ಮಾತು ಕೇಳಿ. ಇದು ಕಲಿತದ್ದು ಯಾವುದರಿಂದ, ನನ್ನ ಭಾಗಕ್ಕೆ ಮತ್ತೆ ಕಲಿಸಬಹುದಾ? ಕ್ಲೀನ್ ಮಾಡುವ ಮೊದಲಿನ ಚಿತ್ರ ನನಗೆ ಸಿಗುತ್ತದಾ? ಎರಡನೆಯದಕ್ಕೆ ಇಲ್ಲ ಅಂದರೆ ಎದ್ದು ಬನ್ನಿ.

ಕ್ಲೀನ್ ಮಾಡುವುದೇ ಬೇಡ ಅನ್ನುವ ಆಯ್ಕೆಯೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಿಮಗೆ ಬೇಕಾದದ್ದು ಬ್ಲೋಹೋಲ್‌ಗಳ ಪಟ್ಟಿ ಮಾತ್ರವಾದರೆ, ಕೊಳಕು ಚಿತ್ರದಿಂದಲೇ ಅವನ್ನು ಗುರುತಿಸುವ ನೆಟ್‌ವರ್ಕ್ ಕಲಿಸಬಹುದು. ಮೊದಲು ಒಂದು ನೆಟ್‌ವರ್ಕ್ ಕ್ಲೀನ್ ಮಾಡಿ, ಆಮೇಲೆ ಇನ್ನೊಂದು ಹುಡುಕಿದರೆ, ಮೊದಲನೆಯದು ಎಸೆದ ಮಾಹಿತಿ ಎರಡನೆಯದಕ್ಕೆ ಸಿಗುವುದೇ ಇಲ್ಲ. ಕ್ಲೀನ್ ಚಿತ್ರ ಬೇಕಾಗುವುದು ಹೆಚ್ಚಾಗಿ ಮನುಷ್ಯರ ಕಣ್ಣಿಗೆ. ನೋಡುವವರು ಮನುಷ್ಯರಾ, ಸಾಫ್ಟ್‌ವೇರಾ ಅನ್ನುವುದನ್ನು ಮೊದಲು ತೀರ್ಮಾನಿಸಿ.

ಹೋಲಿಸುವುದು ಹೇಗೆ

ಪ್ರಬಂಧಗಳಲ್ಲಿ ಪಿಎಸ್ಎನ್ಆರ್, ಎಸ್ಎಸ್ಐಎಂ ಎಂಬ, ಚಿತ್ರ ಸರಿ ಉತ್ತರಕ್ಕೆ ಎಷ್ಟು ಹತ್ತಿರ ಎಂದು ಹೇಳುವ ಅಂಕಗಳ ಪಟ್ಟಿ ಇರುತ್ತದೆ. ಅದನ್ನು ನೋಡಿ ಆರಿಸಬೇಡಿ. 2048 × 2048 × 2048 ಗಾತ್ರದ ಸ್ಕ್ಯಾನಿನಲ್ಲಿ ಸುಮಾರು 859 ಕೋಟಿ ವಾಕ್ಸೆಲ್ (3ಡಿ ಪಿಕ್ಸೆಲ್) ಇರುತ್ತವೆ. ಅದರಲ್ಲಿ ಒಂದು ಸಣ್ಣ ಬ್ಲೋಹೋಲ್ 3 × 3 × 3, ಅಂದರೆ 27. ಆ 27 ಅಳಿಸಿಹೋದರೆ ಅಂಕದಲ್ಲಿ ಕೂದಲಷ್ಟೂ ವ್ಯತ್ಯಾಸ ಬರುವುದಿಲ್ಲ. ಭಾಗ ಮುರಿಯುವುದು ಆ 27ರಿಂದ.

ನೆಟ್‌ವರ್ಕ್ ಕಲಿಸುವ ಪದ್ಧತಿಯಲ್ಲೂ ಇದೇ ತೊಡಕು. ಸರಾಸರಿ ತಪ್ಪು ಕಡಿಮೆ ಮಾಡು ಅಂದರೆ ಅದು ಅನುಮಾನ ಇದ್ದಲ್ಲಿ ಮಸುಕು ಮಾಡುತ್ತದೆ. ಸಣ್ಣದು ಕರಗುತ್ತದೆ. ಮಸುಕು ಬೇಡ ಎಂದು ಗ್ಯಾನ್ ಅಥವಾ ಡಿಫ್ಯೂಷನ್ ಎಂಬ, ಹೊಸ ಚಿತ್ರ ಸೃಷ್ಟಿಸುವ ಮಾದರಿ ಹಾಕಿದರೆ ಚಿತ್ರ ಚೂಪಾಗುತ್ತದೆ, ಆದರೆ ಆ ಚೂಪಿನಲ್ಲಿ ಅಳೆದದ್ದೆಷ್ಟು, ಕಟ್ಟಿದ್ದೆಷ್ಟು ಹೇಳಲಾಗದು. ತಪಾಸಣೆಯ ಕೆಲಸಕ್ಕೆ ಇವನ್ನು ನಾನು ಶಿಫಾರಸು ಮಾಡುವುದಿಲ್ಲ. 2020ರಲ್ಲಿ ಪಿಎನ್ಎಎಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಎಂಆರ್‌ಐ ಮತ್ತು ಸಿಟಿ ಚಿತ್ರ ಜೋಡಿಸುವ ನೆಟ್‌ವರ್ಕ್‌ಗಳನ್ನು ಕೆಣಕಿ ನೋಡಿತ್ತು. ಇನ್‌ಪುಟ್‌ನಲ್ಲಿ ಕಣ್ಣಿಗೆ ಕಾಣದಷ್ಟು ಬದಲಾವಣೆ ಮಾಡಿದರೂ ಕೆಲವು ನೆಟ್‌ವರ್ಕ್‌ಗಳ ಚಿತ್ರ ಎಕ್ಕುಟ್ಟಿಹೋಗುತ್ತಿತ್ತು, ಸಣ್ಣ ಆಕಾರಗಳು ಮಾಯವಾಗುತ್ತಿದ್ದವು.

ಹಾಗಾದರೆ ಏನು ನೋಡಬೇಕು? ಸುಲಭದ ಪರೀಕ್ಷೆ ಒಂದಿದೆ. ಮೂಲ ಚಿತ್ರದಿಂದ ಕ್ಲೀನ್ ಆದ ಚಿತ್ರವನ್ನು ಕಳೆಯಿರಿ. ಉಳಿದದ್ದು ನೆಟ್‌ವರ್ಕ್ ಎಸೆದ ಕಸ. ಅದರಲ್ಲಿ ಬರೀ ಕಾಳುಕಾಳು ಕಂಡರೆ ಒಳ್ಳೆಯದು. ಭಾಗದ ಅಂಚೋ ಬ್ಲೋಹೋಲಿನ ಆಕಾರವೋ ಕಂಡರೆ ಅದು ಕಸದ ಜೊತೆ ಸರಕನ್ನೂ ಎಸೆದಿದೆ. ಐದು ನಿಮಿಷದ ಕೆಲಸ, ಎಷ್ಟೋ ಮಾರಾಟಗಾರರ ಡೆಮೊ ಇಲ್ಲೇ ಬೀಳುತ್ತದೆ.

ಎರಡು ಆಯಾಮದ ನೆಟ್‌ವರ್ಕ್ ಬಳಸಿದ್ದರೆ ಇನ್ನೊಂದು. ಅದು ಒಂದೊಂದು ಪದರವನ್ನು ಬೇರೆ ಬೇರೆಯಾಗಿ ನೋಡುತ್ತದೆ. ಆ ಪದರದಲ್ಲಿ ಚಿತ್ರ ಚೆಂದವೇ ಕಾಣುತ್ತದೆ. ಅಡ್ಡಕ್ಕೆ ಕತ್ತರಿಸಿ ನೋಡಿ, ಪದರ ಪದರಕ್ಕೂ ಬೆಳಕು ಏರಿಳಿದು ಗೆರೆ ಬಿದ್ದಿರುತ್ತದೆ. ಪೂರ್ತಿ 3ಡಿ ನೆಟ್‌ವರ್ಕ್‌ಗೆ ಜಿಪಿಯು ಮೆಮೊರಿ ಸಾಲದಿದ್ದರೆ ಅಕ್ಕಪಕ್ಕದ ಕೆಲವು ಪದರಗಳನ್ನೂ ಜೊತೆಗೆ ಕೊಡುವ ನಡುದಾರಿ ಇದೆ, ಅದು ಬಹುಮಟ್ಟಿಗೆ ಸಾಕು.

ಗಂಭೀರ ಕೆಲಸಕ್ಕೆ ಇಷ್ಟು ಸಾಲದು. ಗೊತ್ತಿರುವ ಅಳತೆಯ ತೂತು ಕೊರೆದ ಭಾಗ ಮಾಡಿಸಿ. ಅಥವಾ ಕೆಲವು ಭಾಗಗಳನ್ನು ಸ್ಕ್ಯಾನ್ ಆದ ಮೇಲೆ ಕೊಯ್ದು, ಪಾಲಿಶ್ ಮಾಡಿ, ಮೈಕ್ರೋಸ್ಕೋಪಿನಲ್ಲಿ ತಾಳೆ ನೋಡಿ. ಯಾವ ಗಾತ್ರದ ದೋಷ ಎಷ್ಟು ಸಲ ಸಿಕ್ಕಿತು ಅನ್ನುವ ಲೆಕ್ಕಕ್ಕೆ ವಿಮಾನ ಕ್ಷೇತ್ರದಲ್ಲಿ ಎಂಐಎಲ್-ಎಚ್‌ಡಿಬಿಕೆ-1823ಎ ಕೈಪಿಡಿಯ ವಿಧಾನ ಬಳಕೆಯಲ್ಲಿದೆ. ಹೋಲಿಕೆ ಅಲ್ಲಿ ಮಾಡಿ: ಮೂಲ ಚಿತ್ರದಲ್ಲಿ ಎಷ್ಟು ಸಿಕ್ಕವು, ಕ್ಲೀನ್ ಮಾಡಿದ್ದರಲ್ಲಿ ಎಷ್ಟು, ಇಲ್ಲದ್ದು ಎಷ್ಟು ಹುಟ್ಟಿದವು.

ಯಾರಿಗೆ ಯಾವುದು

ಬೆಳಗಾವಿಯದೋ ಶಿವಮೊಗ್ಗದ್ದೋ ಫೌಂಡ್ರಿ, ಅಪರೂಪಕ್ಕೊಮ್ಮೆ ಒಂದು ಎರಕದ ಭಾಗವನ್ನು ಹೊರಗೆ ಸ್ಕ್ಯಾನ್ ಮಾಡಿಸುವವರು. ನಿಮಗೆ ತಾಮ್ರದ ತಗಡು, ಓರೆ ಇಡುವುದು, ಉದ್ದದ ಸ್ಕ್ಯಾನ್, ನಾನ್ ಲೋಕಲ್ ಮೀನ್ಸ್. ಮೆಷಿನ್ ಲರ್ನಿಂಗ್ ಬೇಡ.

ಒಂದೇ ಅಲ್ಯೂಮಿನಿಯಂ ಭಾಗವನ್ನು ದಿನವಿಡೀ ಸ್ಕ್ಯಾನ್ ಮಾಡುವ ಲೈನ್ ಆದರೆ ಜೋಡಿ ಕಲಿಸುವ ದಾರಿ. ಅಲ್ಯೂಮಿನಿಯಂನಲ್ಲಿ ಬೀಮ್ ಹಾರ್ಡನಿಂಗ್ ಉಕ್ಕಿನಷ್ಟು ಕಾಡುವುದಿಲ್ಲ, ಮುಖ್ಯ ಶತ್ರು ಸಮಯವೇ. ಟ್ಯೂಬಿನ ವೋಲ್ಟೇಜ್ ಬದಲಾದರೆ, ಮಿಶ್ರಲೋಹ ಬದಲಾದರೆ, ಡಿಟೆಕ್ಟರ್ ಬದಲಾದರೆ ಮತ್ತೆ ಪರೀಕ್ಷಿಸದೆ ಮುಂದುವರಿಸಬೇಡಿ. ಮಾಡೆಲಿಗೂ ಒಂದು ವರ್ಶನ್ ನಂಬರ್ ಕೊಟ್ಟು ವರದಿಯಲ್ಲಿ ಬರೆಯಿರಿ.

ನಿಕ್ಕಲ್ ಮಿಶ್ರಲೋಹದ ಪ್ರಿಂಟ್ ಭಾಗ, ದಪ್ಪ, ಪಟ್ಟೆ ತುಂಬಿದ ಚಿತ್ರ. ಇದಕ್ಕೆ ಕ್ಯಾಡ್ ಸಿಮ್ಯುಲೇಶನ್ ದಾರಿಯೇ. ಕಷ್ಟದ್ದು, ದುಬಾರಿ, ಆದರೆ ಮೆಷಿನ್ ಲರ್ನಿಂಗ್‌ನ ಬೇರೆ ಯಾವ ದಾರಿಯೂ ಈ ಕಲ್ಲನ್ನು ಮುಟ್ಟುವುದಿಲ್ಲ. ಅದನ್ನು ಮಾಡಲು ಜನ ಇಲ್ಲದಿದ್ದರೆ ಜಾಸ್ತಿ ವೋಲ್ಟೇಜಿನ ಯಂತ್ರ ಇರುವ ಕಡೆ ಸ್ಕ್ಯಾನ್ ಮಾಡಿಸುವುದು ಅಗ್ಗವಾದೀತು, ಲೆಕ್ಕ ಹಾಕಿ ನೋಡಿ.

ಸಂಶೋಧನಾ ವಿದ್ಯಾರ್ಥಿ, ಒಂದೇ ಒಂದು ಮಾದರಿ, ನಾಯ್ಸ್ ಜಾಸ್ತಿ: ನಾಯ್ಸ್2ಇನ್ವರ್ಸ್. ಕೋಡ್ ಮುಕ್ತವಾಗಿ ಸಿಗುತ್ತದೆ.

ಅಳತೆಗಾಗಿ, ಅಂದರೆ ರಂಧ್ರದ ವ್ಯಾಸ, ಗೋಡೆಯ ದಪ್ಪ ಅಳೆಯಲು ಸ್ಕ್ಯಾನ್ ಮಾಡುವವರು ಕ್ಲೀನ್ ಚಿತ್ರದ ಮೇಲೆ ಅಳೆಯಬೇಡಿ. ಗಾಳಿಯ ಬೂದು ಮತ್ತು ಲೋಹದ ಬೂದು ಇವೆರಡರ ನಡುವಿನ ಬಿಂದುವನ್ನು ಅಂಚು ಎಂದು ಹಿಡಿದು, ವಾಕ್ಸೆಲಿಗಿಂತ ಸಣ್ಣ ಮಟ್ಟದಲ್ಲಿ ಅಳೆಯುತ್ತಾರೆ. ನೆಟ್‌ವರ್ಕ್ ಆ ಅಂಚನ್ನು ಎಷ್ಟು ಸರಿಸಿತು ಅನ್ನುವುದನ್ನು ವಿಡಿಐ/ವಿಡಿಇ 2630 ಮಾರ್ಗಸೂಚಿಯ ರೀತಿಯಲ್ಲಿ, ಗೊತ್ತಿರುವ ಗೋಲಗಳನ್ನು ಇಟ್ಟು ಅಳೆದು ತೋರಿಸಿದ ಮೇಲೆ ಬೇಕಾದರೆ ಬಳಸಿ.

ಸ್ಕ್ಯಾನ್ ಹೊರಗೆ ಮಾಡಿಸುವವರು ಆರ್ಡರ್ ಕೊಡುವಾಗಲೇ ಒಂದು ಸಾಲು ಸೇರಿಸಿ. ಜೋಡಿಸಿದ ಚಿತ್ರ ಮಾತ್ರ ಸಾಲದು, ಪ್ರೊಜೆಕ್ಷನ್‌ಗಳು, ಫ್ಲ್ಯಾಟ್ ಫೀಲ್ಡ್ ಚಿತ್ರಗಳು, ಟ್ಯೂಬು-ಡಿಟೆಕ್ಟರ್ ದೂರದ ಲೆಕ್ಕ ಇರುವ ಫೈಲ್, ಮೂರೂ ಬೇಕು. 2048 × 2048ರ 1600 ಪ್ರೊಜೆಕ್ಷನ್ 16 ಬಿಟ್‌ನಲ್ಲಿ ಸುಮಾರು 13 ಜಿಬಿ ಆಗುತ್ತದೆ, ಒಂದು ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಆಮೇಲೆ ಕೇಳಿದರೆ ಅಳಿಸಿಯಾಗಿದೆ ಅನ್ನುತ್ತಾರೆ. ಪ್ರೊಜೆಕ್ಷನ್ ಇಲ್ಲದೆ ನಾಯ್ಸ್2ಇನ್ವರ್ಸೂ ಆಗದು, ಇಟರೇಟಿವ್ ವಿಧಾನವೂ ಆಗದು, ಉಂಗುರ ತೆಗೆಯುವುದೂ ಕಷ್ಟ.